ತಾಳವಿಲ್ಲ, ತಂಬೂರಿಯಿಲ್ಲ: ಶಾಕುಹಾಚಿಯನ್ನು ಕೇಳುವುದು ಹೇಗೆ?

ಪ್ರಶ್ನೆ: ಇಪ್ಪತ್ತು ವರ್ಷಗಳಿಂದ ಕರ್ನಾಟಕ ಸಂಗೀತದ ಕಛೇರಿಗಳನ್ನು ಕೇಳುತ್ತ ಬಂದಿದ್ದೇನೆ, ಕೆಲವು ಕಾಲ ಕೊಳಲನ್ನೂ ಕಲಿತಿದ್ದೇನೆ. ಇತ್ತೀಚೆಗೆ ಸ್ನೇಹಿತರೊಬ್ಬರು ಜಪಾನಿನ ಬಿದಿರಿನ ಕೊಳಲಾದ ಶಾಕುಹಾಚಿಯ ಧ್ವನಿಮುದ್ರಣವೊಂದನ್ನು ಕೊಟ್ಟರು. ಒಬ್ಬರೇ ನುಡಿಸಿದ, ಸುಮಾರು ಹತ್ತು ನಿಮಿಷದ ಕೃತಿ. ತಾಳ ಸಿಗಲಿಲ್ಲ, ರಾಗ ಹಿಡಿಯಲಾಗಲಿಲ್ಲ, ಸ್ವರಕ್ಕಿಂತ ಗಾಳಿಯ ಸದ್ದೇ ಹೆಚ್ಚು ಕೇಳಿಸಿತು. ನಡುನಡುವೆ ಮುಗಿದೇಹೋಯಿತು ಎನ್ನಿಸುವಷ್ಟು ಮೌನ. ಇದು ಸಂಗೀತವೋ, ಧ್ಯಾನಕ್ಕೆ ಹಿನ್ನೆಲೆಯಾಗಿ ಬಳಸುವ ಸದ್ದೋ? ಇದನ್ನು ಹೇಗೆ ಕೇಳಬೇಕು, ಎಲ್ಲಿಂದ ಆರಂಭಿಸಬೇಕು? ನಮ್ಮ ಕೊಳಲು ಬಲ್ಲವರಿಗೆ ಇದು ಸುಲಭವಾಗಿ ಒಲಿಯುವುದೇ?

ಉತ್ತರ: ನಿಮಗೆ ಎದುರಾಗಿರುವ ತೊಡಕು ಕಿವಿಯ ಕೊರತೆಯಿಂದ ಬಂದದ್ದಲ್ಲ, ಕಿವಿಯ ಶಿಕ್ಷಣದಿಂದ ಬಂದದ್ದು. ಇಪ್ಪತ್ತು ವರ್ಷ ಕಛೇರಿ ಕೇಳಿದ ಕಿವಿಯು ಸದ್ದು ಹುಟ್ಟಿದೊಡನೆ ಮೂರು ಸಂಗತಿಗಳನ್ನು ಹುಡುಕತೊಡಗುತ್ತದೆ: ಆಧಾರ ಷಡ್ಜ ಎಲ್ಲಿದೆ, ಸ್ವರಗಳು ಯಾವುವು, ಕಾಲಪ್ರಮಾಣ ಏನು. ನೀವು ಕೇಳಿದ ಬಗೆಯ ಶಾಕುಹಾಚಿ ಸಂಗೀತದಲ್ಲಿ ಮೊದಲನೆಯದು ಸ್ಥಿರವಾಗಿಲ್ಲ, ಮೂರನೆಯದು ಎಣಿಕೆಗೆ ಸಿಗುವ ರೂಪದಲ್ಲಿಲ್ಲ. ಎರಡನೆಯದು ಇದ್ದರೂ ಸಂಗೀತದ ಭಾರವೆಲ್ಲ ಅದರ ಮೇಲೆ ಬಿದ್ದಿಲ್ಲ. ಆ ಭಾರವನ್ನು ಹೊತ್ತಿರುವುದು ಉಸಿರು ಮತ್ತು ನಾದದ ಬಣ್ಣ. ಒಂದು ಸ್ವರ ಯಾವುದು ಎಂಬುದಕ್ಕಿಂತ ಅದು ಹೇಗೆ ಹುಟ್ಟಿತು, ನಡುವೆ ಯಾವ ಬಣ್ಣಕ್ಕೆ ತಿರುಗಿತು, ಹೇಗೆ ಅಳಿಯಿತು ಎಂಬುದು ಇಲ್ಲಿ ಮುಖ್ಯ. ಇದೊಂದನ್ನು ಒಪ್ಪಿಕೊಂಡು ಕುಳಿತರೆ ಉಳಿದದ್ದು ನಿಧಾನವಾಗಿ ತೆರೆದುಕೊಳ್ಳುತ್ತದೆ.

ವಾದ್ಯದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಈ ಸಂಗೀತದ ಬಹುಪಾಲು ಗುಣಗಳು ಆ ಬಿದಿರಿನ ತುಂಡಿನ ರಚನೆಯಲ್ಲಿಯೇ ಇವೆ. ಶಾಕುಹಾಚಿ ಎಂಬ ಹೆಸರು ಅದರ ಅಳತೆಯಿಂದ ಬಂದದ್ದು. ಜಪಾನಿನ ಹಳೆಯ ಅಳತೆಯಲ್ಲಿ ಒಂದು ‘ಶಾಕು’ ಎಂದರೆ ಸುಮಾರು 30.3 ಸೆಂಟಿಮೀಟರ್, ಅದರ ಹತ್ತನೆಯ ಒಂದು ಭಾಗ ‘ಸುನ್’. ಒಂದು ಶಾಕು ಎಂಟು ಸುನ್ ಉದ್ದದ ಕೊಳಲು, ಅಂದರೆ ಸುಮಾರು 54.5 ಸೆಂಟಿಮೀಟರ್, ಎಂಬುದೇ ಹೆಸರಿನ ಅರ್ಥ. ಈ ಉದ್ದದ ಕೊಳಲಿನ ಅತಿ ಕೆಳಗಿನ ಸ್ವರ ಹಾರ್ಮೋನಿಯಂನ ‘ಬಿಳಿ ಎರಡ’ಕ್ಕೆ ಹೊಂದುತ್ತದೆ. ಇದಕ್ಕಿಂತ ಗಿಡ್ಡವಾದವೂ, ಎರಡು ಶಾಕು ಮೀರಿದ ಉದ್ದದವೂ ಬಳಕೆಯಲ್ಲಿವೆ. ಒಂದು ಸುನ್ ಹೆಚ್ಚಿದರೆ ಸ್ಥೂಲವಾಗಿ ಅರ್ಧ ಸ್ವರ ಇಳಿಯುತ್ತದೆ ಎಂದು ಲೆಕ್ಕವಿಟ್ಟುಕೊಳ್ಳಬಹುದು. ಮಾದಾಕೆ ಎಂಬ ಜಾತಿಯ ಬಿದಿರಿನ ಬುಡವನ್ನು ಬೇರಿನ ಗೆಣ್ಣುಗಳ ಸಮೇತ ಅಗೆದು ತೆಗೆದು ಇದನ್ನು ಮಾಡುತ್ತಾರೆ. ಆದ್ದರಿಂದ ಕೆಳತುದಿ ದಪ್ಪವಾಗಿ, ತುಸು ಬಾಗಿ, ಬೇರಿನ ಗುರುತುಗಳನ್ನು ಹೊತ್ತು ನಿಂತಿರುತ್ತದೆ. ಮುಂದೆ ನಾಲ್ಕು, ಹಿಂದೆ ಹೆಬ್ಬೆರಳಿಗೆ ಒಂದು, ಒಟ್ಟು ಐದೇ ರಂಧ್ರಗಳು.

ನಮ್ಮ ಕೊಳಲನ್ನು ಅಡ್ಡ ಹಿಡಿಯುತ್ತೇವೆ. ಇದನ್ನು ಎದೆಯ ಮುಂದೆ ಕೆಳಕ್ಕೆ ಚಾಚಿ ಹಿಡಿದು ಮೇಲ್ತುದಿಯಲ್ಲಿ ಊದುತ್ತಾರೆ. ಆ ತುದಿ ಪೂರ್ಣ ತೆರೆದಿರುತ್ತದೆ. ಅದರ ಒಂದು ಬದಿಯನ್ನು ಹೊರಕ್ಕೆ ಓರೆಯಾಗಿ ಕತ್ತರಿಸಿ, ಕೊಂಬಿನ ಸಣ್ಣ ತುಣುಕೊಂದನ್ನು ಕೂರಿಸಿ ಅಂಚನ್ನು ಹರಿತ ಮಾಡಿರುತ್ತಾರೆ. ಈ ಅಂಚಿಗೆ ‘ಉತಾಗುಚಿ’, ಅಂದರೆ ‘ಹಾಡುವ ಬಾಯಿ’ ಎಂದು ಹೆಸರು. ವಾದಕನ ಗದ್ದ ತುದಿಯ ಇನ್ನೊಂದು ಬದಿಯನ್ನು ಮುಚ್ಚುತ್ತದೆ, ತುಟಿಗಳ ನಡುವಿನಿಂದ ಹೊರಟ ಗಾಳಿಯ ಎಳೆ ಆ ಅಂಚಿಗೆ ತಗಲಿ ಸೀಳುತ್ತದೆ, ನಾದ ಹುಟ್ಟುತ್ತದೆ. ಪೀಪಿಯಂತೆ ಗಾಳಿಗೆ ದಾರಿ ತೋರುವ ಯಾವ ಏರ್ಪಾಡೂ ಇಲ್ಲ. ಗಾಳಿಯ ಕೋನ, ತುಟಿಗೂ ಅಂಚಿಗೂ ಇರುವ ದೂರ, ತುದಿಯನ್ನು ಎಷ್ಟು ಮುಚ್ಚಿದೆ ಎಂಬುದು, ಎಲ್ಲವೂ ವಾದಕನ ಕೈಯಲ್ಲಿ, ಸರಿಯಾಗಿ ಹೇಳುವುದಾದರೆ ಕುತ್ತಿಗೆಯಲ್ಲಿ, ಇದೆ.

ಈ ಕುತ್ತಿಗೆಯ ಮಾತನ್ನು ಸ್ವಲ್ಪ ವಿಸ್ತರಿಸಬೇಕು. ತಲೆಯನ್ನು ತಗ್ಗಿಸಿ ತುಟಿಯನ್ನು ಅಂಚಿಗೆ ಹತ್ತಿರ ತಂದರೆ ತೆರೆದ ತುದಿ ಹೆಚ್ಚು ಮುಚ್ಚಿಕೊಂಡು ಸ್ವರ ಇಳಿಯುತ್ತದೆ. ಇದಕ್ಕೆ ‘ಮೆರಿ’ ಎನ್ನುತ್ತಾರೆ. ತಲೆಯೆತ್ತಿದರೆ ಸ್ವರ ಏರುತ್ತದೆ, ಅದು ‘ಕಾರಿ’. ಬೆರಳುಗಳನ್ನು ಕದಲಿಸದೆಯೇ ಒಂದು ಸ್ವರವನ್ನು ಅರ್ಧ, ಒಂದು, ಪಳಗಿದವರಾದರೆ ಅದಕ್ಕಿಂತಲೂ ಹೆಚ್ಚು ಸ್ಥಾನ ಇಳಿಸಲು ಸಾಧ್ಯ. ಐದು ರಂಧ್ರಗಳನ್ನು ಒಂದೊಂದಾಗಿ ತೆರೆದಾಗ ಬರುವುದು ಐದು ಸ್ವರಗಳು ಮಾತ್ರ. ಉಳಿದವನ್ನು ರಂಧ್ರವನ್ನು ಅರೆಬರೆ ಮುಚ್ಚಿ, ತಲೆ ತಗ್ಗಿಸಿ ಪಡೆಯಬೇಕು. ಹಾಗೆ ಪಡೆದ ಸ್ವರ ಎತ್ತರದಲ್ಲಿ ಮಾತ್ರವಲ್ಲ, ಗುಣದಲ್ಲಿಯೂ ಬೇರೆಯಾಗುತ್ತದೆ. ತೆರೆದ ಸ್ವರ ತುಂಬಿಕೊಂಡು ಮೊಳಗಿದರೆ, ಮೆರಿಯ ಸ್ವರ ಮಂಕಾಗಿ, ಒಳಸರಿದು, ಗೋಡೆಯ ಆಚೆಯಿಂದ ಬಂದಂತೆ ಕೇಳುತ್ತದೆ. ಪಾಶ್ಚಾತ್ಯ ಕೊಳಲಿನ ತಯಾರಕರು ಹತ್ತೊಂಬತ್ತನೆಯ ಶತಮಾನದಲ್ಲಿ ಕೀಲಿಗಳನ್ನು ಜೋಡಿಸಿ ಇಂಥ ಅಸಮಾನತೆಯನ್ನು ಅಳಿಸಲು ದುಡಿದರು. ಶಾಕುಹಾಚಿಯ ಪರಂಪರೆ ಅದೇ ಅಸಮಾನತೆಯನ್ನು ತನ್ನ ಬಂಡವಾಳ ಮಾಡಿಕೊಂಡಿತು. ಮಂಕಾದ ಸ್ವರದಿಂದ ತೆರೆದ ಸ್ವರಕ್ಕೆ ಸರಿಯುವ ಆ ಒಂದು ಚಲನೆಯಲ್ಲಿ, ನಮ್ಮಲ್ಲಿ ಒಂದು ಗಮಕ ಹೊರುವಷ್ಟೇ ಅರ್ಥವನ್ನು ಅವರು ಹೊರಿಸಿದ್ದಾರೆ.

‘ಕುಬಿಫುರಿ ಸಾನ್ನೆನ್’ ಎಂಬ ನಾಣ್ಣುಡಿ ಜಪಾನಿನ ಶಾಕುಹಾಚಿ ವಲಯದಲ್ಲಿ ಪ್ರಸಿದ್ಧ: ಕುತ್ತಿಗೆ ಅಲ್ಲಾಡಿಸಲು ಕಲಿಯುವುದಕ್ಕೇ ಮೂರು ವರ್ಷ. ನಮ್ಮ ಕಛೇರಿಗಳಲ್ಲಿ ತಲೆಯಾಡಿಸುವುದು ಕೇಳುಗರ ಪಾಲಿನ ಕೆಲಸ. ಅಲ್ಲಿ ಅದು ವಾದಕನ ಪಾಲಿನದು. ನಾದದಲ್ಲಿ ನೀವು ಕೇಳುವ ಅಲುಗಾಟ, ‘ಯುರಿ’ ಎಂದು ಕರೆಯುವ ಆಂದೋಲನ, ಬಹುಮಟ್ಟಿಗೆ ತಲೆಯ ಚಲನೆಯಿಂದ ಬಂದದ್ದು. ಮಾಲಿ (ಟಿ.ಆರ್. ಮಹಾಲಿಂಗಂ) ಅವರ ಕೊಳಲಿನಲ್ಲಿ ಹಾಡುಗಾರಿಕೆಯ ಗಮಕಗಳನ್ನು ಕೇಳಿದವರಿಗೆ ಬೆರಳು ಏನೆಲ್ಲ ಮಾಡಬಲ್ಲದು ಎಂದು ಗೊತ್ತು. ಅದರಲ್ಲಿ ಒಂದು ಪಾಲಿನ ಕೆಲಸ ಇಲ್ಲಿ ಕುತ್ತಿಗೆಗೆ ವರ್ಗವಾಗಿದೆ ಎಂದುಕೊಳ್ಳಿ.

ಇನ್ನು ಗಾಳಿಯ ಸದ್ದು. ಅದನ್ನು ನೀವು ದೋಷವೆಂದು ಭಾವಿಸಿದ್ದು ಸಹಜ. ಕೊಳಲು ಕಲಿಯುವಾಗ ನಮ್ಮ ಗುರುಗಳು ಮೊದಲು ತಿದ್ದುವುದೇ ಈ ‘ಉಸ್’ ಎನ್ನುವ ಸದ್ದನ್ನು. ಶಾಕುಹಾಚಿಯಲ್ಲಿಯೂ ಕಲಿಯುವವನ ಗಾಳಿಸದ್ದು ದೋಷವೇ; ಆದರೆ ಪಳಗಿದ ವಾದಕ ಅದನ್ನು ಬೇಕೆಂದೇ, ಬೇಕಾದಷ್ಟೇ ಬಿಡುತ್ತಾನೆ. ಶುದ್ಧ ನಾದಕ್ಕೂ ಬರೀ ಗಾಳಿಗೂ ನಡುವೆ ಉದ್ದದ ಹಾದಿಯೊಂದಿದ್ದು, ಆ ಹಾದಿಯ ಯಾವ ಬಿಂದುವಿನಲ್ಲಿ ನಿಲ್ಲಬೇಕೆಂಬುದು ಅವನ ಆಯ್ಕೆ. ಅದರ ಕೊನೆಯ ತುದಿ ‘ಮುರಾಇಕಿ’: ಉಸಿರನ್ನು ಒಮ್ಮೆಲೇ ಸ್ಫೋಟಿಸಿ ಬಿಡುವ ಆ ಸದ್ದು, ಬಿದಿರಿನ ಮೆಳೆಗೆ ಬಿರುಗಾಳಿ ನುಗ್ಗಿದಂತೆ ಬರುತ್ತದೆ. ಸ್ವರಗಳ ಆರಂಭವನ್ನೂ ಗಮನಿಸಿ. ಒಂದೇ ಸ್ವರವನ್ನು ಎರಡು ಸಲ ನುಡಿಸಬೇಕಾದಾಗ ನಾಲಿಗೆಯಿಂದ ‘ತು’ ಎಂದು ಕತ್ತರಿಸುವ ರೂಢಿ ಇಲ್ಲಿಲ್ಲ; ಬೆರಳೊಂದು ರಂಧ್ರವನ್ನು ತಟ್ಟಿ ಬಿಡುತ್ತದೆ, ಅಷ್ಟೆ. ಆ ತಟ್ಟಿನ ಕ್ಷಣಾರ್ಧದ ಸದ್ದು, ಹೂವಿನ ತೊಟ್ಟಿನಂತೆ, ಮುಂದಿನ ಸ್ವರಕ್ಕೆ ಅಂಟಿಕೊಂಡೇ ಇರುತ್ತದೆ.

ರಾಗ ಹಿಡಿಯಲಾಗಲಿಲ್ಲ ಎಂದು ಬರೆದಿದ್ದೀರಿ. ಈ ವಿಷಯದಲ್ಲಿ ನಿಮ್ಮ ಕಲಿಕೆ ಸ್ವಲ್ಪ ನೆರವಾಗುತ್ತದೆ, ಸ್ವಲ್ಪ ದಾರಿ ತಪ್ಪಿಸುತ್ತದೆ. ರಂಧ್ರಗಳನ್ನು ತೆರೆದಾಗ ಬರುವ ಐದು ಸ್ವರಗಳಲ್ಲಿ ಅತಿ ಕೆಳಗಿನದನ್ನು ಷಡ್ಜವೆಂದು ಹಿಡಿದು ನೋಡಿದರೆ ಷಡ್ಜ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಕೈಶಿಕಿ ನಿಷಾದ. ಅಂದರೆ ಶುದ್ಧ ಧನ್ಯಾಸಿಯ ಸ್ವರಗಳು. ಆದರೆ ಏಕಾಂಗಿ ಕೃತಿಗಳಲ್ಲಿ ನಿಮಗೆ ಹೆಚ್ಚಾಗಿ ಕೇಳುವುದು ಷಡ್ಜ, ಶುದ್ಧ ಋಷಭ, ಮಧ್ಯಮ, ಪಂಚಮ, ಶುದ್ಧ ಧೈವತಗಳ ಗುಂಪು. ಹಿಂದೂಸ್ತಾನಿಯ ಗುಣಕ್ರಿ, ನಮ್ಮ ಕರ್ನಾಟಕ ಶುದ್ಧ ಸಾವೇರಿ ನೆನಪಾದರೆ ತಪ್ಪೇನಿಲ್ಲ. ಈ ಗುಂಪಿನ ಋಷಭ ಧೈವತಗಳು ಮೆರಿಯಿಂದ ಬರುವ ಮಂಕು ಸ್ವರಗಳು. ಅವು ತಮ್ಮ ಕೆಳಗಿರುವ ಗಟ್ಟಿ ಸ್ವರಗಳ ಮೇಲೆ ಒರಗಿಕೊಂಡೇ ಇರುತ್ತವೆ, ಹಲವು ವಾದಕರು ಅವನ್ನು ಹಾರ್ಮೋನಿಯಂನ ಸ್ಥಾನಕ್ಕಿಂತ ತುಸು ಕೆಳಗೇ ನುಡಿಸುತ್ತಾರೆ. ದಾರಿ ತಪ್ಪುವುದು ಎಲ್ಲಿ ಎಂದರೆ, ಆಧಾರ ಸ್ವರ ಒಂದೇ ಕಡೆ ನಿಲ್ಲುವುದಿಲ್ಲ. ಸ್ವಲ್ಪ ಹೊತ್ತು ಷಡ್ಜದಂತೆ ನಿಂತ ಸ್ವರವನ್ನು ಬಿಟ್ಟು ಮಧ್ಯಮವೋ ಪಂಚಮವೋ ಮನೆಯಾಗಿಬಿಡುತ್ತದೆ. ಹೇಳದೆ ಕೇಳದೆ ಗ್ರಹಭೇದ ಮಾಡಿದ ಹಾಗೆ. ತಂಬೂರಿ ಇಲ್ಲದಿರುವುದರಿಂದ ಈ ಸ್ಥಳಾಂತರವನ್ನು ಎತ್ತಿ ತೋರಿಸುವವರೂ ಯಾರಿಲ್ಲ. ಆದ್ದರಿಂದ ಮನಸ್ಸಿನಲ್ಲಿ ಶ್ರುತಿ ಪೆಟ್ಟಿಗೆಯನ್ನು ಹಚ್ಚಿಕೊಂಡು ಕೇಳಬೇಡಿ. ನಾನು ಮೊದಮೊದಲು ಮಾಡಿದ ತಪ್ಪು ಅದೇ: ಪ್ರತಿ ಸ್ವರವನ್ನೂ ನನ್ನ ಷಡ್ಜಕ್ಕೆ ಅಳೆದು, ವಾದಕ ಬೇಸುರ ಹೋದನೆಂದು ತೀರ್ಮಾನಿಸಿ, ಧ್ವನಿಮುದ್ರಣವನ್ನು ಕೆಲವು ತಿಂಗಳು ಎತ್ತಿಟ್ಟುಬಿಟ್ಟಿದ್ದೆ.

ತಾಳದ ಪ್ರಶ್ನೆಗೆ ಉತ್ತರ ಉಸಿರಿನಲ್ಲಿದೆ. ಏಕಾಂಗಿ ಶಾಕುಹಾಚಿಗಾಗಿಯೇ ಇರುವ ಹಳೆಯ ಕೃತಿಗಳಿಗೆ ‘ಹೊಂಕ್ಯೋಕು’ ಎಂದು ಹೆಸರು. ‘ಮೂಲ ಕೃತಿ’ ಎಂಬುದು ಅದರ ಸ್ಥೂಲ ಅರ್ಥ. ಇವುಗಳ ಘಟಕ ಒಂದು ಉಸಿರಿಗೆ ನುಡಿಸಬಹುದಾದ ನುಡಿ. ಸ್ವರ ಮೆಲ್ಲಗೆ ಹುಟ್ಟಿ, ತುಂಬಿ, ಮತ್ತೆ ಸಣ್ಣಗಾಗಿ ಮೌನದಲ್ಲಿ ಕರಗುತ್ತದೆ. ಬಿದಿರಿನ ಎಲೆಯ ಆಕಾರವನ್ನು ಹೋಲುವ ಈ ಊದುವಿಕೆಗೆ ‘ಸಸಬುಕಿ’, ಅಂದರೆ ಬಿದಿರೆಲೆಯ ಊದು, ಎಂದೇ ಹೆಸರಿಟ್ಟಿದ್ದಾರೆ. ಎಲ್ಲ ಪ್ರಾಂತಗಳ ಉಸಿರೂ ಒಂದೇ ಬಗೆಯದಲ್ಲ: ಉತ್ತರದ ಹಿರೋಸಾಕಿಯ ಕಡೆಯ ನೆಜಾಸಾ ಶಾಖೆಯಲ್ಲಿ ಒಂದೇ ಸ್ವರವನ್ನು ಅಲೆಅಲೆಯಾಗಿ ಒತ್ತಿ ಒತ್ತಿ ಊದುವ ‘ಕೊಮಿಬುಕಿ’ ಎಂಬ ಕ್ರಮವಿದೆ, ಒಮ್ಮೆ ಕೇಳಿದರೆ ಮರೆಯಲಾಗದು. ಒಂದು ನುಡಿ ಮುಗಿದು ಇನ್ನೊಂದು ಹುಟ್ಟುವವರೆಗಿನ ಬಿಡುವಿಗೆ ‘ಮಾ’ ಎನ್ನುತ್ತಾರೆ. ನೀವು ಮುಗಿದೇಹೋಯಿತು ಎಂದುಕೊಂಡದ್ದು ಈ ‘ಮಾ’ವನ್ನು. ಆಲಾಪನೆಯಲ್ಲಿಯೂ ಗಾಯಕ ನಿಲ್ಲುತ್ತಾನೆ. ಆದರೆ ಆಗ ತಂಬೂರಿ ಮಿಡಿಯುತ್ತಲೇ ಇರುತ್ತದೆ, ಪಿಟೀಲು ಕೊನೆಯ ಎಳೆಯನ್ನು ಎತ್ತಿಕೊಳ್ಳುತ್ತದೆ. ನಾವು ಕೇಳುಗರಾಗಿ ಪೂರ್ಣ ಮೌನವನ್ನು ಎದುರಿಸುವ ಸಂದರ್ಭವೇ ಬರುವುದಿಲ್ಲ. ಇಲ್ಲಿ ಮೌನಕ್ಕೆ ಮರೆಯಿಲ್ಲ.

ಆಲಾಪನೆಯ ಹೋಲಿಕೆ ಇನ್ನೊಂದು ಕಡೆಯೂ ಮುರಿಯುತ್ತದೆ, ಇದನ್ನು ನಮ್ಮವರು ಬಹಳ ಮಂದಿ ತಪ್ಪಾಗಿ ತಿಳಿಯುತ್ತಾರೆ. ತಾಳವಿಲ್ಲದ್ದರಿಂದ ಇದು ಮನೋಧರ್ಮ ಸಂಗೀತ, ವಾದಕ ಆ ಕ್ಷಣದಲ್ಲಿ ಕಲ್ಪಿಸುತ್ತಿದ್ದಾನೆ, ಎಂದು ನಮಗೆ ಅನ್ನಿಸುತ್ತದೆ. ಹಾಗಿಲ್ಲ. ಹೊಂಕ್ಯೋಕುಗಳು ನಿಶ್ಚಿತ ಕೃತಿಗಳು; ಗುರುವಿನಿಂದ ಶಿಷ್ಯನಿಗೆ ನುಡಿ ನುಡಿಯಾಗಿ ಬಂದಿವೆ, ಅವುಗಳಿಗೆ ಲಿಪಿಯೂ ಇದೆ. ರೊ, ತ್ಸು, ರೆ, ಚಿ, ರಿ ಎಂಬ ಅಕ್ಷರಗಳನ್ನು ಜಪಾನಿನ ಕತಾಕನ ಲಿಪಿಯಲ್ಲಿ ಮೇಲಿನಿಂದ ಕೆಳಕ್ಕೆ, ಬಲದಿಂದ ಎಡಕ್ಕೆ ಸಾಲುಗಟ್ಟಿ ಬರೆಯುತ್ತಾರೆ. ವಿಶೇಷವೆಂದರೆ ಈ ಅಕ್ಷರಗಳು ಹೆಸರಿಸುವುದು ಮುಖ್ಯವಾಗಿ ಬೆರಳಿನ ಹಿಡಿತವನ್ನು. ಎಷ್ಟು ಹೊತ್ತು ನಿಲ್ಲಬೇಕು, ಎಷ್ಟು ಗಾಳಿ ಬೆರೆಸಬೇಕು ಎಂಬುದು ಹಾಳೆಯಲ್ಲಿ ಪೂರ್ತಿ ಇರುವುದಿಲ್ಲ. ಅದು ಗುರುವಿನ ಎದುರು ಕುಳಿತು ಪಡೆಯುವ ಪಾಠ. ನಮ್ಮಲ್ಲಿ ಕೃತಿಯ ಸ್ವರಲಿಪಿ ನೋಡಿ ಗಮಕ ಕಲಿಯಲು ಹೊರಟವರ ಪಾಡು ನಿಮಗೆ ಗೊತ್ತೇ ಇದೆಯಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆ: ಸಂಗೀತವೋ, ಧ್ಯಾನದ ಸದ್ದೋ? ಇದಕ್ಕೆ ಇತಿಹಾಸದ ಮೂಲಕವೇ ಉತ್ತರಿಸಬೇಕಾಗುತ್ತದೆ, ಮತ್ತು ಆ ಇತಿಹಾಸ ಪುಸ್ತಕದ ಬೆನ್ನುಡಿಗಳಲ್ಲಿ ಕಾಣುವಷ್ಟು ಸಾತ್ವಿಕವಾಗಿಲ್ಲ. ವಾದ್ಯ ಚೀನಾದಿಂದ ಬಂದದ್ದು. ನಾರಾ ನಗರದ ಶೋಸೋಇನ್ ಭಂಡಾರದಲ್ಲಿ ಎಂಟನೆಯ ಶತಮಾನದ ಎಂಟು ಶಾಕುಹಾಚಿಗಳು ಇಂದಿಗೂ ಇವೆ. ಕೆಲವು ಬಿದಿರಿನವು, ಕೆಲವು ಕಲ್ಲಿನವು, ದಂತದವು, ಮತ್ತು ಅವಕ್ಕೆ ಆರು ರಂಧ್ರ. ಅವು ಆಸ್ಥಾನ ಸಂಗೀತದ ವಾದ್ಯಗಳು. ಇಂದಿನ ಐದು ರಂಧ್ರದ ದಪ್ಪ ಕೊಳಲು ಮತ್ತು ಅದರ ಏಕಾಂಗಿ ಸಂಗೀತ ಬೆಳೆದದ್ದು ಬಹಳ ಕಾಲದ ಮೇಲೆ, ಎದೋ ಯುಗದಲ್ಲಿ, ಅಂದರೆ 1603ರಿಂದ 1868ರವರೆಗಿನ ತೊಕುಗಾವ ಆಳ್ವಿಕೆಯಲ್ಲಿ, ಬೌದ್ಧರ ಜೆನ್ ಪರಂಪರೆಗೆ ಸೇರಿದ ಫುಕೆ ಪಂಥದ ಆಶ್ರಯದಲ್ಲಿ. ಈ ಪಂಥದವರಿಗೆ ‘ಕೊಮುಸೋ’, ಶೂನ್ಯದ ಸನ್ಯಾಸಿಗಳು, ಎಂದು ಹೆಸರು. ಮುಖವೆಲ್ಲ ಮುಚ್ಚುವ, ಬೆತ್ತದ ಬುಟ್ಟಿಯನ್ನು ಬೋರಲು ಹಾಕಿದಂಥ ‘ತೆಂಗಾಇ’ ಎಂಬ ಟೋಪಿ ಧರಿಸಿ, ಊರೂರು ಅಲೆಯುತ್ತ, ಮನೆಮನೆಯ ಮುಂದೆ ಊದಿ ಭಿಕ್ಷೆ ಬೇಡುತ್ತಿದ್ದರು. ಇಬ್ಬರು ಕೊಮುಸೋಗಳು ದಾರಿಯಲ್ಲಿ ಎದುರಾದರೆ ಒಬ್ಬನು ‘ಕರೆಯುವ ಬಿದಿರು’ ಎಂಬ ನುಡಿಯನ್ನು ಊದುವುದು, ಇನ್ನೊಬ್ಬನು ‘ಸ್ವೀಕರಿಸುವ ಬಿದಿರು’ ಎಂಬ ನುಡಿಯಿಂದ ಉತ್ತರಿಸುವುದು ಕ್ರಮವಾಗಿತ್ತು.

ಅವರಿಗೆ ಊದುವುದು ‘ಸುಇಜೆನ್’, ಊದುವ ಧ್ಯಾನ. ಇತರ ಜೆನ್ ಸನ್ಯಾಸಿಗಳು ಕುಳಿತು ಮಾಡುವುದನ್ನು ಇವರು ಉಸಿರಿನಲ್ಲಿ ಮಾಡುತ್ತಿದ್ದರು ಎಂಬುದು ಪಂಥದ ಮಾತು. ಆದರೆ ಪಂಥಕ್ಕೆ ಇನ್ನೊಂದು ಮುಖವೂ ಇತ್ತು. ಕೊಮುಸೋ ಆಗಲು ಸಮುರಾಯ್ ವರ್ಗದವನಾಗಿರಬೇಕಿತ್ತು. ಒಡೆಯರನ್ನು ಕಳೆದುಕೊಂಡು ಅತಂತ್ರರಾದ ಯೋಧರು ಇದರೊಳಗೆ ಬಂದು ಸೇರಿದರು. ದೇಶದಲ್ಲಿ ಸಂಚಾರಕ್ಕೆ ಕಟ್ಟುನಿಟ್ಟಾದ ನಿರ್ಬಂಧಗಳಿದ್ದ ಕಾಲದಲ್ಲಿ ಇವರು ಮುಖ ಮುಚ್ಚಿಕೊಂಡು ಎಲ್ಲೆಂದರಲ್ಲಿ ಓಡಾಡಬಹುದಾಗಿತ್ತು. ಈ ಸವಲತ್ತಿಗೆ ಆಧಾರವಾಗಿ ಪಂಥ ಮುಂದಿಟ್ಟದ್ದು 1614ರದೆಂದು ಹೇಳಲಾದ ರಾಜಶಾಸನವೊಂದನ್ನು. ಅದು ಆಮೇಲೆ ಹುಟ್ಟಿಸಿದ ಪತ್ರ ಎಂಬುದು ಇಂದಿನ ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಗಂಟೆ ಬಾರಿಸುತ್ತ ಅಲೆಯುತ್ತಿದ್ದ ಫುಕೆ ಎಂಬ ಚೀನೀ ಸನ್ಯಾಸಿಯ ಗಂಟೆಯ ನಾದವನ್ನು ಬಿದಿರಿನಲ್ಲಿ ಅನುಕರಿಸಿದ್ದೇ ಈ ಸಂಗೀತದ ಮೂಲ ಎಂಬ ಸುಂದರ ಕಥೆಗೂ ಐತಿಹಾಸಿಕ ಆಧಾರವಿಲ್ಲ. ನನಗೆ ಇದರಿಂದ ಸಂಗೀತದ ಬೆಲೆ ಕಡಿಮೆಯಾದಂತೆ ತೋರುವುದಿಲ್ಲ. ಸ್ಥಳಪುರಾಣ ಆಮೇಲಿನದು ಎಂದ ಮಾತ್ರಕ್ಕೆ ಗುಡಿಯ ಶಿಲ್ಪ ಸುಳ್ಳಾಗುತ್ತದೆಯೇ? ಆದರೆ ‘ಸಾವಿರ ವರ್ಷದ ಜೆನ್ ಧ್ಯಾನ ಸಂಗೀತ’ ಎಂಬ ಹಣೆಪಟ್ಟಿ ಕಂಡಾಗ ಅದನ್ನು ಅರ್ಧ ಮಾತ್ರ ನಂಬಿ.

ಸಂಗೀತವಾಗಿ ಇದನ್ನು ಒಟ್ಟುಗೂಡಿಸಿದವರಲ್ಲಿ ಮುಖ್ಯನಾದವನು ಕುರೊಸಾವ ಕಿಂಕೋ (1710–1771). ಬೇರೆ ಬೇರೆ ಮಂದಿರಗಳಲ್ಲಿ ಚದುರಿದ್ದ ಕೃತಿಗಳನ್ನು ಸಂಗ್ರಹಿಸಿ, ತಿದ್ದಿ, ಮೂವತ್ತಾರು ಹೊಂಕ್ಯೋಕುಗಳ ಪಾಠವನ್ನು ಸ್ಥಿರಗೊಳಿಸಿದ ಕೀರ್ತಿ ಅವನದು. ಇಂದಿನ ಕಿಂಕೋ ಶಾಖೆ ಅವನ ಹೆಸರಿನದೇ. ತೊಕುಗಾವ ಆಳ್ವಿಕೆಯ ನಂತರ ಬಂದ ಮೆಯಿಜಿ ಸರ್ಕಾರ 1871ರಲ್ಲಿ ಫುಕೆ ಪಂಥವನ್ನೇ ರದ್ದುಗೊಳಿಸಿತು. ಭಿಕ್ಷೆಯ ಹಾದಿ ಮುಚ್ಚಿದಾಗ ವಾದಕರು ಸಭೆಯತ್ತ ತಿರುಗಿದರು. ಕೊತೊ ಮತ್ತು ಶಾಮಿಸೆನ್ ತಂತಿವಾದ್ಯಗಳ ಜೊತೆಗೂಡಿ ನುಡಿಸುವ ಮೇಳದಲ್ಲಿ, ಹಿಂದೆ ಕಮಾನಿನ ವಾದ್ಯವಾದ ಕೊಕ್ಯೂ ಇದ್ದ ಸ್ಥಾನವನ್ನು ಶಾಕುಹಾಚಿ ಪಡೆಯಿತು. 1896ರಲ್ಲಿ ನಕಾವೊ ತೋಜಾನ್ ಒಸಾಕಾದಲ್ಲಿ ಸ್ಥಾಪಿಸಿದ ತೋಜಾನ್ ಶಾಖೆಯಂತೂ ಹೊಸ ಕೃತಿಗಳನ್ನು, ಪಾಶ್ಚಾತ್ಯ ಸಂಗೀತದ ಪ್ರಭಾವವನ್ನು ಮುಕ್ತವಾಗಿ ಬರಮಾಡಿಕೊಂಡಿತು. ಇದನ್ನು ಹೇಳುವ ಕಾರಣ ಇಷ್ಟೆ: ಅಂತರಜಾಲದಲ್ಲಿ ಶಾಕುಹಾಚಿ ಎಂದು ಹುಡುಕಿದರೆ ಈ ಎಲ್ಲ ಬಗೆಗಳೂ ಒಂದೇ ಹೆಸರಿನಡಿ ಬರುತ್ತವೆ. ಕೊತೊ ಜೊತೆಗೆ ಸ್ಪಷ್ಟ ಲಯದಲ್ಲಿ ಹರಿಯುವ, ಜಪಾನಿನಲ್ಲಿ ಹೊಸವರ್ಷದ ದಿನಗಳಲ್ಲಿ ಅಂಗಡಿ ಅಂಗಡಿಯಲ್ಲಿ ಕೇಳುವ ‘ಹರು ನೊ ಉಮಿ’ ಮಿಯಾಗಿ ಮಿಚಿಯೊ 1929ರಲ್ಲಿ ರಚಿಸಿದ ಆಧುನಿಕ ಕೃತಿ. ಅದನ್ನು ಕೇಳಿ ಹೊಂಕ್ಯೋಕುವನ್ನು ಅಳೆಯಲಾಗದು. ಇವೆರಡಕ್ಕಿಂತ ಬೇರೆಯಾದ ಇನ್ನೊಂದು ಸರಕೂ ಇದೆ: ಸಿಂಥಸೈಸರ್‌ನ ಮೋಡದ ಮೇಲೆ, ವಿಪರೀತ ಪ್ರತಿಧ್ವನಿ ಬೆರೆಸಿ, ಮೂರು ಗಂಟೆ ಓಡುವ ‘ವಿಶ್ರಾಂತಿ ಸಂಗೀತ’. ಅಲ್ಲಿ ‘ಮಾ’ ಇರುವುದೇ ಇಲ್ಲ, ಪ್ರತಿಧ್ವನಿ ಅದನ್ನು ನುಂಗಿಬಿಟ್ಟಿರುತ್ತದೆ. ನಿದ್ದೆ ಬರಿಸಲು ಅದು ಆಗಬಹುದು. ಶಾಕುಹಾಚಿಯನ್ನು ತಿಳಿಯಲು ಆಗದು. ನಿಜವಾದ ಹೊಂಕ್ಯೋಕು ಹಿನ್ನೆಲೆಗೆ ಹೊಂದುವುದೂ ಇಲ್ಲ: ನಡುವೆ ಬರುವ ಒಂದು ಮುರಾಇಕಿ ಅರೆನಿದ್ದೆಯಲ್ಲಿದ್ದವರನ್ನು ಎಬ್ಬಿಸಿ ಕೂರಿಸುತ್ತದೆ. ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ, ಊದುವವನಿಗೆ ಅದು ಧ್ಯಾನವಾಗಿದ್ದಿರಬಹುದು, ಕೇಳುವ ನಮಗೆ ಅದು ಪೂರ್ಣ ಗಮನ ಬೇಡುವ ಸಂಗೀತ.

ಎಲ್ಲಿಂದ ಆರಂಭಿಸಬೇಕು? ಯಮಾಗುಚಿ ಗೋರೋ (1933–1999) ನುಡಿಸಿದ ‘ತ್ಸುರು ನೊ ಸುಗೊಮೊರಿ’ಯಿಂದ, ಎಂದು ನಾನು ಹೇಳುತ್ತೇನೆ. ಕೊಕ್ಕರೆಯನ್ನು ಹೋಲುವ ಕ್ರೌಂಚ ಪಕ್ಷಿಗಳು ಗೂಡು ಕಟ್ಟಿ ಮರಿ ಸಾಕುವುದು ಅದರ ವಸ್ತು. ಕಥೆಯ ಎಳೆ ಇರುವುದರಿಂದ ಹೊಸ ಕಿವಿಗೆ ಹಿಡಿ ಸಿಗುತ್ತದೆ: ಎರಡು ಬೆರಳುಗಳನ್ನು ಸರದಿಯಲ್ಲಿ ಕುಣಿಸಿ ಹೊರಡಿಸುವ ‘ಕೊರೊಕೊರೊ’ ಎಂಬ ಗುಳುಗುಳು ನಾದದಲ್ಲಿ, ನಾಲಿಗೆ ಅಥವಾ ಗಂಟಲನ್ನು ಅದುರಿಸಿ ಹುಟ್ಟಿಸುವ ‘ತಮಾನೆ’ಯಲ್ಲಿ ಹಕ್ಕಿಯ ಕೂಗು, ರೆಕ್ಕೆಯ ಬಡಿತ ಕೇಳುತ್ತದೆ. 1977ರಲ್ಲಿ ವಾಯೇಜರ್ ನೌಕೆಗಳ ಜೊತೆ ಬಾಹ್ಯಾಕಾಶಕ್ಕೆ ಕಳಿಸಿದ ಚಿನ್ನದ ಲೇಪದ ತಟ್ಟೆಯಲ್ಲಿ ಜಪಾನಿನ ಪಾಲಿಗೆ ಸೇರಿದ್ದು ಯಮಾಗುಚಿಯವರ ಇದೇ ಕೃತಿ, ಐದು ನಿಮಿಷಕ್ಕೂ ಕಡಿಮೆ ಅವಧಿಯಲ್ಲಿ. ಅದೇ ತಟ್ಟೆಯಲ್ಲಿ ನಮ್ಮ ಕೇಸರಬಾಯಿ ಕೇರ್ಕರ್ ಅವರ ಭೈರವಿಯೂ ಇದೆ. ಎರಡನ್ನೂ ಒಂದರ ಹಿಂದೆ ಒಂದು ಕೇಳುವುದು ಒಳ್ಳೆಯ ಅಭ್ಯಾಸ. ಭೈರವಿಯಲ್ಲಿ ಉಸಿರು ಎಲ್ಲಿ ಎಳೆದುಕೊಂಡರೆಂದು ನಿಮಗೆ ಗೊತ್ತೇ ಆಗುವುದಿಲ್ಲ. ಇನ್ನೊಂದರಲ್ಲಿ ಪ್ರತಿ ಉಸಿರೂ ಕೃತಿಯ ಭಾಗ.

ಕೇಳುವಾಗ ಧ್ವನಿಯನ್ನು ಏರಿಸಬೇಡಿ. ಅತಿ ಮೆಲ್ಲನೆಯ ಸ್ವರ ಕೋಣೆಯ ಸದ್ದಿನಿಂದ ಆಗಷ್ಟೇ ಬೇರೆಯಾಗುವ ಮಟ್ಟ ಸರಿಯಾದದ್ದು; ಹಾಗಿದ್ದಾಗಲೇ ಸ್ವರ ಯಾವಾಗ ಮುಗಿದು ಮೌನ ಯಾವಾಗ ಆರಂಭವಾಯಿತು ಎಂಬ ಗಡಿ ಮಸುಕಾಗುತ್ತದೆ, ಆ ಮಸುಕೇ ಇಲ್ಲಿನ ಸೊಗಸು. ಫ್ಯಾನು ಆರಿಸಿ. ಮೊದಲ ಸಲ ಸ್ವರಗಳನ್ನು ಹೆಸರಿಸುವ ಆಸೆಯನ್ನು ಬಿಟ್ಟು ಉಸಿರುಗಳನ್ನು ಮಾತ್ರ ಹಿಂಬಾಲಿಸಿ. ಸಾಧ್ಯವಾದರೆ ವಾದಕನ ಜೊತೆಗೇ ಉಸಿರೆಳೆದು ಬಿಡಿ. ಅವನ ಒಂದು ಉಸಿರು ನಿಮ್ಮ ಎರಡು ಮೂರು ಉಸಿರಿಗೆ ಸಮ ಎಂಬುದು ಅರ್ಧ ನಿಮಿಷದಲ್ಲಿ ಎದೆಗೇ ತಿಳಿಯುತ್ತದೆ. ಇನ್ನೊಂದು ದಿನ ಅದೇ ಕೃತಿಯನ್ನು ಮಂಕು ಸ್ವರಗಳ ಜಾಡು ಹಿಡಿದು ಕೇಳಿ: ಯಾವ ಮೆರಿ ಯಾವ ತೆರೆದ ಸ್ವರದಲ್ಲಿ ಬಿಡುಗಡೆ ಪಡೆಯಿತು, ಯಾವುದನ್ನು ವಾದಕ ಬಿಡುಗಡೆ ಮಾಡದೆ ಹಾಗೆಯೇ ತೂಗುಬಿಟ್ಟ. ಒಂದೇ ಕೃತಿಯನ್ನು ವಾರವೆಲ್ಲ ಕೇಳುವುದು ಏಳು ಕೃತಿಗಳನ್ನು ಕೇಳುವುದಕ್ಕಿಂತ ಮೇಲು.

ಆಮೇಲೆ ‘ಶಿಕಾ ನೊ ತೋನೆ’, ಜಿಂಕೆಗಳ ದೂರದ ಕರೆ. ಶರತ್ಕಾಲದ ಬೆಟ್ಟಗಳಲ್ಲಿ ಗಂಡುಜಿಂಕೆಗಳು ಒಂದಕ್ಕೊಂದು ಕೂಗುವುದನ್ನು ಇಬ್ಬರು ವಾದಕರು ಸರದಿಯಾಗಿ ನುಡಿಸುತ್ತಾರೆ. ಸಭೆಯಲ್ಲಾದರೆ ಅವರು ದೂರ ದೂರ ನಿಲ್ಲುವುದೂ ಉಂಟು. ಒಂದು ಕರೆಗೆ ಉತ್ತರ ಬರುವ ಮುನ್ನಿನ ಬಿಡುವನ್ನು ಇಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ವರ್ಣನೆಯ ಊರುಗೋಲು ಬೇಡವೆನಿಸಿದಾಗ ಪರಂಪರೆ ಅತ್ಯಂತ ಹಳೆಯವೆಂದು ಗೌರವಿಸುವ ಮೂರು ಕೃತಿಗಳಿಗೆ, ಕ್ಯೋರೇಇ, ಮುಕಾಇಜಿ ಮತ್ತು ಕೊಕೂಗಳಿಗೆ, ಹೋಗಿ. ಅವುಗಳಲ್ಲಿ ಹಕ್ಕಿಯೂ ಇಲ್ಲ, ಜಿಂಕೆಯೂ ಇಲ್ಲ.

ವಾದಕರ ನಡುವಿನ ಭೇದವನ್ನೂ ಸವಿಯಿರಿ. ಯಮಾಗುಚಿಯವರ ನಾದ ನುಣುಪು, ಅಂಚುಗಳು ಅಚ್ಚುಕಟ್ಟು. ಅದಕ್ಕೆ ತೀರ ಎದುರಾಗಿ ವಾತಾಜುಮಿ ದೋಸೊ (1911–1992) ಇದ್ದಾರೆ. ಅವರು ತಮ್ಮ ವಾದ್ಯವನ್ನು ಶಾಕುಹಾಚಿ ಎಂದೇ ಕರೆಯದೆ ‘ಹೋಚಿಕು’ ಎನ್ನುತ್ತಿದ್ದರು. ಇಂದಿನ ಸಾಮಾನ್ಯ ಶಾಕುಹಾಚಿಯ ಒಳಮೈಗೆ ಅರಗಿನಂಥ ಉರುಶಿ ಬೆರೆಸಿದ ಲೇಪ ಕೊಟ್ಟು, ಒಳವ್ಯಾಸವನ್ನು ಕೂದಲೆಳೆಯಷ್ಟು ನಿಖರವಾಗಿ ತಿದ್ದಿ, ನಾದವನ್ನು ಸಮಗೊಳಿಸುತ್ತಾರೆ. ವಾತಾಜುಮಿ ಊದಿದ್ದು ಹಾಗೆ ತಿದ್ದದ, ಉದ್ದನೆಯ, ಹಸಿ ಬಿದಿರಿನಂತೆಯೇ ಉಳಿದ ಕೊಳಲುಗಳನ್ನು. ಅವರಲ್ಲಿ ಕಲಿತ ಯೊಕೊಯಾಮ ಕಾತ್ಸುಯಾ (1934–2010) ಆ ಕಸುವನ್ನು ಸಭಾಮಂದಿರಕ್ಕೆ ತಂದರು. 1967ರ ನವೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಜಪಾನಿನ ಆಧುನಿಕ ರಚನಕಾರ ತಾಕೆಮಿತ್ಸು ತೋರು ಅವರ ಕೃತಿಯಲ್ಲಿ ಪಾಶ್ಚಾತ್ಯ ವಾದ್ಯವೃಂದದ ಎದುರು ಶಾಕುಹಾಚಿ ನುಡಿಸಿದವರು ಅವರೇ. ನನಗೆ ವೈಯಕ್ತಿಕವಾಗಿ ಯೊಕೊಯಾಮ ಹೆಚ್ಚು ಹತ್ತಿರ. ಆದರೆ ಅವರಿಂದಲೇ ಆರಂಭಿಸಿದರೆ ಗಾಳಿಸದ್ದಿನ ಬಗೆಗಿನ ನಿಮ್ಮ ಗುಮಾನಿ ಇನ್ನಷ್ಟು ಬಲಿಯುವ ಅಪಾಯವಿದೆ.

ಕೊನೆಯ ಪ್ರಶ್ನೆ, ಕೊಳಲು ಬಲ್ಲವರಿಗೆ ಒಲಿಯುವುದೇ ಎಂಬುದು. ಬೆರಳುಗಳಿಗೆ ಒಂದು ವಾರದ ಕೆಲಸವೂ ಇಲ್ಲ. ತುಟಿ ಮಾತ್ರ ಹೊಸದಾಗಿ ಹುಟ್ಟಬೇಕಾಗುತ್ತದೆ. ಅಡ್ಡ ಕೊಳಲಿನಲ್ಲಿ ನಾದ ತೆಗೆಯುವವರೂ ಇದರ ಮೇಲೆ ಮೊದಲ ದಿನ ಬರೀ ಗಾಳಿ ಊದುತ್ತಾರೆ. ಒಳ್ಳೆಯ ಬಿದಿರಿನ ವಾದ್ಯ ತುಂಬ ದುಬಾರಿಯಾದ್ದರಿಂದ ಆರಂಭಕ್ಕೆ ಪ್ಲಾಸ್ಟಿಕ್ಕಿನದಾದರೂ ಸಾಕು, ಪಿವಿಸಿ ಕೊಳವೆಯಿಂದ ಮಾಡಿದವೂ ಸಿಗುತ್ತವೆ. ಕಲಿಯುವವರಿಗೂ ಪಳಗಿದವರಿಗೂ ಅಲ್ಲಿ ದಿನದ ಮೊದಲ ಸಾಧನೆ ಒಂದೇ: ಎಲ್ಲ ರಂಧ್ರಗಳನ್ನೂ ಮುಚ್ಚಿ ಅತಿ ಕೆಳಗಿನ ‘ರೊ’ ಸ್ವರವನ್ನು ಹತ್ತು ಹದಿನೈದು ನಿಮಿಷ ಊದುತ್ತ ಕೂರುವುದು. ಕಛೇರಿ ಮಾಡುವ ಉದ್ದೇಶವಿಲ್ಲದಿದ್ದರೂ ಒಂದು ತಿಂಗಳು ಇದನ್ನು ಮಾಡಿ ನೋಡಿ. ಮೊದಮೊದಲು ನಿಮ್ಮ ‘ರೊ’ ಬೇಗನೆ ಒಡೆದು ಗಾಳಿಯಾಗುತ್ತದೆ. ಆಮೇಲೆ ಸ್ನೇಹಿತರು ಕೊಟ್ಟ ಆ ಧ್ವನಿಮುದ್ರಣವನ್ನು ಮತ್ತೆ ಹಾಕಿ, ವಾದಕ ತನ್ನ ‘ರೊ’ವನ್ನು ಎಲ್ಲಿ ಒಡೆಯಲು ಬಿಟ್ಟ, ಎಲ್ಲಿ ಬಿಡಲಿಲ್ಲ ಎಂಬುದನ್ನು ಕೇಳಿಸಿಕೊಳ್ಳಿ.